ಗಾಯಗೊಂಡ ಮಕ್ಕಳ ತಂದೆ ಡಾನ್ ಬೋಸ್ಕೋ

ಧರ್ಮೋಪದೇಶದ ತರಗತಿಯಲ್ಲಿ ಕಾರಣವಿಲ್ಲದೆ ಜಗಳ ತೆಗೆಯುವ ಒಬ್ಬ ಹುಡುಗನನ್ನು ನೀವು ನೋಡಿರಬಹುದು. ಮೂಲೆ ಹಿಡಿದು ಮಾತೇ ಆಡದ ಹುಡುಗಿಯನ್ನೂ ಕಂಡಿರಬಹುದು. ಇಂಥವರನ್ನು ತುಂಟರು, ದಡ್ಡರು ಎಂದು ನಾವು ಸುಲಭವಾಗಿ ಕರೆದುಬಿಡುತ್ತೇವೆ. ಅಪ್ಪನ ಸಾವು, ಕುಡಿತದ ಮನೆಯ ಹೊಡೆತ, ಹೇಳಿಕೊಳ್ಳಲಾಗದ ಯಾವುದೋ ಭಯ ಆ ಎಳೆಯ ಮನಸ್ಸನ್ನು ಗಾಯಗೊಳಿಸಿರಬಹುದು ಎಂದು ಯೋಚಿಸುವುದಿಲ್ಲ. ಹಾಗೆ ಯೋಚಿಸಿದ ಒಬ್ಬ ಗುರುವಿನ ಬಾಳನ್ನು ಇಂದು ನೆನೆಯೋಣ. ಅವರೇ ಸಂತ ಜಾನ್ ಬೋಸ್ಕೋ.

ಅವರು ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಬೆಕ್ಕಿ ಎಂಬ ಹಳ್ಳಿಯ ಬಡ ರೈತರ ಮನೆಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಓದಬೇಕೆಂಬ ಆಸೆಗೆ ಮಲ ಅಣ್ಣ ಅಂತೋನಿಯೋ ಅಡ್ಡ ನಿಂತ. ಮನೆಯ ಜಗಳ ತಾಳಲಾರದೆ ತಾಯಿ ಮಾರ್ಗರೀತ 1828ರ ಚಳಿಗಾಲದಲ್ಲಿ ಹನ್ನೆರಡರ ಮಗನನ್ನು ಹೊರಗೆ ಕಳುಹಿಸಿದರು. ಬೇರೆಯವರ ಹೊಲಮನೆಯಲ್ಲಿ ಅವನು ಜೀತದಾಳಿನಂತೆ ದುಡಿದ. ಮುಂದೆ ಪ್ರೀತಿಯಿಂದ ಪಾಠ ಹೇಳಿಕೊಟ್ಟ ಮುದಿ ಗುರು ಕಲೋಸ್ಸೋ ಕೂಡ 1830ರಲ್ಲಿ ತೀರಿಹೋದರು. ಅನಾಥತನ ಎಂದರೇನೆಂದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

1841ರಲ್ಲಿ ಗುರುದೀಕ್ಷೆ ಪಡೆದು ಟೂರಿನ್ ನಗರಕ್ಕೆ ಬಂದ ಅವರು ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ನಡುಗಿದರು. ಬಿಡುಗಡೆಯಾದವರೇ ಮತ್ತೆ ಮತ್ತೆ ಒಳಗೆ ಬರುತ್ತಿದ್ದರು. ಹೊರಗೆ ಅವರಿಗೆ ತಮ್ಮವರೆಂಬವರು ಯಾರೂ ಇರಲಿಲ್ಲ. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ದೇವಾಲಯದ ಸೇವಕನೊಬ್ಬ ಪೂಜೆಗೆ ನೆರವಾಗಲು ಬಾರದ ಬಾರ್ತೊಲೊಮೆಯೋ ಎಂಬ ಅನಾಥನನ್ನು ಹೊಡೆದು ಓಡಿಸಿದ. ಡಾನ್ ಬೋಸ್ಕೋ ಅವನನ್ನು ಮರಳಿ ಕರೆಸಿ, ಗೆಳೆಯನಂತೆ ಮಾತನಾಡಿಸಿ, ಶಿಲುಬೆ ಗುರುತು ಹಾಕುವುದನ್ನು ಕಲಿಸಿದರು. ಅವರ ಮಹಾಸೇವೆ ಅಲ್ಲಿಂದಲೇ ಆರಂಭ.

1846ರಲ್ಲಿ ವಾಲ್ದೊಕ್ಕೋದ ಒಂದು ಹಳೆಯ ಕೊಟ್ಟಿಗೆ ಮಕ್ಕಳ ನೆಲೆಯಾಯಿತು. ಅದೇ ವರ್ಷ ತಾಯಿ ಮಾರ್ಗರೀತ ಹಳ್ಳಿ ಬಿಟ್ಟು ಬಂದು ಆ ಮಕ್ಕಳೆಲ್ಲರ ಅಮ್ಮನಾದರು. ಮರುವರ್ಷ ಮಳೆಯಲ್ಲಿ ನೆನೆದು ಬಂದ ಅನಾಥನೊಬ್ಬನಿಗೆ ಅಡುಗೆಮನೆಯಲ್ಲೇ ಹಾಸಿಗೆ ಹಾಕಿದರು. ಅದಕ್ಕೂ ಮೊದಲು ಆಸರೆ ಕೊಟ್ಟ ಹುಡುಗರು ಹೊದಿಕೆಗಳನ್ನೇ ಕದ್ದು ಓಡಿದ್ದರು. ಆದರೂ ಬಾಗಿಲು ಮುಚ್ಚಲಿಲ್ಲ. ಮುಂದೆ ಚಮ್ಮಾರಿಕೆ, ಹೊಲಿಗೆಯ ಕಾರ್ಯಾಗಾರಗಳು ಬಂದವು. ಅದು ಮನೆಯೂ ಹೌದು, ಶಾಲೆಯೂ ಹೌದು, ಆಟದ ಬಯಲೂ ದೇವಾಲಯವೂ ಹೌದು.

1857ರಲ್ಲಿ ರೈಲು ನಿಲ್ದಾಣವೊಂದರಲ್ಲಿ ಪುಂಡರ ನಾಯಕನಾಗಿದ್ದ ಮಿಕೇಲೆ ಮಗೋನೆ ಸಿಕ್ಕಿದ. ತಂದೆಯಿಲ್ಲದ ಹುಡುಗ, ಶಾಲೆಗಳಿಂದ ಹೊರಹಾಕಲ್ಪಟ್ಟವನು. ವಾಲ್ದೊಕ್ಕೋಗೆ ಬಂದ ಮೊದಲಲ್ಲಿ ಓಡಿ, ಕೂಗಿ, ಕುಣಿದ. ಸುಮಾರು ತಿಂಗಳ ಬಳಿಕ ಇದ್ದಕ್ಕಿದ್ದಂತೆ ಮಂಕಾಗಿ, ಒಂಟಿಯಾಗಿ ಕುಳಿತು ಅಳತೊಡಗಿದ. ಡಾನ್ ಬೋಸ್ಕೋ ಅವನನ್ನು ಗದರಲಿಲ್ಲ. ಹತ್ತಿರ ಕರೆದು, ಮನಸ್ಸಿನ ಭಾರವನ್ನು ಹೇಳಿಕೊಳ್ಳುವಂತೆ ಅಕ್ಕರೆಯಿಂದ ಕೇಳಿದರು. ಪಾಪನಿವೇದನೆಯ ನಂತರ ಹುಡುಗನ ಮುಖ ಅರಳಿತು.  ಭಯ ಹೋದ ಜಾಗದಲ್ಲಿ ಗಾಯಗೊಂಡ ಮಗು ಮನಬಿಚ್ಚಿ ಅಳಬಹುದು. ಇಂದಿನ ಮನೋವೈದ್ಯರೂ ಮೊದಲು ಸುರಕ್ಷತೆ, ಆಮೇಲೆ ಮಾತು ಎಂದೇ ಹೇಳುತ್ತಾರೆ.

ತಮ್ಮ ವಿಧಾನವನ್ನು ಅವರು 1877ರಲ್ಲಿ ಬರೆದಿಟ್ಟರು. ವಿವೇಕ, ಧರ್ಮ, ಅಕ್ಕರೆ ಅದರ ಮೂರು ಆಧಾರಗಳು. ಹೊಡೆತ ಬೇಡ, ಎಲ್ಲರೆದುರು ಅವಮಾನ ಬೇಡ, ಉಪಾಧ್ಯಾಯ ಮಕ್ಕಳ ಆಟದಲ್ಲೂ ಜೊತೆಗಿರಲಿ. ಆ ಹೊತ್ತಿಗೆ ನಮ್ಮ ಮೈಸೂರು ಸಂಸ್ಥಾನದಲ್ಲಿ ಮಹಾಕ್ಷಾಮ. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ಕೋಲಾರದಲ್ಲಿ ಪ್ರೊಟೆಸ್ಟಂಟ್ ಸೇವಕಿ ಮಿಸ್ ಆನ್‌ಸ್ಟಿ ಅನಾಥಾಲಯ ತೆರೆದರು. ದೂರದ ಎರಡು ಊರುಗಳಲ್ಲಿ ಒಂದೇ ಕರುಣೆ!

1888ರ ಜನವರಿ 31ರಂದು ಡಾನ್ ಬೋಸ್ಕೋ ಪ್ರಭುವಿನಲ್ಲಿ ನಿದ್ರಿಸಿದರು. 1934ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಅವರ ಸಲೇಶಿಯನ್ ಸಭೆ 1906ರಲ್ಲಿ ಭಾರತಕ್ಕೆ ಬಂತು. ಬೆಂಗಳೂರಿನ ಬೀದಿ ಮಕ್ಕಳಿಗಾಗಿ 1980ರಲ್ಲಿ ಬೋಸ್ಕೋ ಸಂಸ್ಥೆ ಶುರುವಾಯಿತು.

ಓದುಗರೇ, ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಬೀದಿಗಳಲ್ಲೂ ಮಗೋನೆಗಳಿದ್ದಾರೆ. ಇಟ್ಟಿಗೆ ಗೂಡಿನ ಬಳಿ, ಮಾವಿನ ತೋಪಿನಲ್ಲಿ, ಬೆಂಗಳೂರಿಗೆ ದುಡಿಯಲು ಹೋದವರ ಖಾಲಿ ಮನೆಗಳಲ್ಲಿ ಇದ್ದಾರೆ. ನಿಮ್ಮ ಮಗು ಹಠಾತ್ತನೆ ಬದಲಾದರೆ ಬೆತ್ತ ಹುಡುಕಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಪ್ರಾರ್ಥಿಸಿರಿ. ಪ್ರಾರ್ಥನೆಯ ಜೊತೆಗೆ ತಜ್ಞರ ನೆರವನ್ನೂ ನಾಚಿಕೆಯಿಲ್ಲದೆ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿಗೆಂದೇ ವಿಭಾಗವಿದೆ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಎಲ್ಲರೂ ದೂರವಿಡುವ ಆ ಒಂದು ಮಗುವಿನ ಹೆಸರು ಕೇಳಿ ಮಾತನಾಡಿಸುವಿರಾ?