ಕೀಬೋರ್ಡಿನ 12 ಕೀಗಳಲ್ಲಿ ಎಲ್ಲ ಸ್ವರಗಳೂ ಇವೆಯೇ? 31 ಸ್ವರಗಳ ಆರ್ಗನ್ ಮಾಡಿಸಿದ ವಿಜ್ಞಾನಿಯ ಕಥೆ

ಹಾರ್ಮೋನಿಯಂ ಇರಲಿ, ಪಿಯಾನೋ ಇರಲಿ, ಒಂದು ಸಪ್ತಕಕ್ಕೆ 12 ಕೀಗಳು. ಸಂಗೀತಕ್ಕೆ ಬೇಕಾದ ಸ್ವರಗಳೆಲ್ಲ ಅಷ್ಟರಲ್ಲೇ ಇವೆ ಎಂದು ಹಲವರು ತಿಳಿದಿದ್ದಾರೆ. ಇದು ನಿಜವಲ್ಲ ಎಂಬುದನ್ನು ವಾದ್ಯವನ್ನೇ ಮಾಡಿಸಿ ಕೇಳಿಸಿದವರು ಡಚ್ ಭೌತವಿಜ್ಞಾನಿ ಏಡ್ರಿಯಾನ್ ಫೋಕರ್.

ಫೋಕರ್ ಹುಟ್ಟಿದ್ದು 1887ರಲ್ಲಿ, ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದ ಬೋಗೋರ್‌ನಲ್ಲಿ. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಲೊರೆಂಟ್ಸ್ ಅವರ ಶಿಷ್ಯರಾಗಿ 1913ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ಐನ್‌ಸ್ಟೈನ್ ಜೊತೆ ಗುರುತ್ವದ ಕುರಿತು ಪ್ರಬಂಧ ಬರೆದರು. ಭೌತವಿಜ್ಞಾನದ ವಿದ್ಯಾರ್ಥಿಗಳು ಓದುವ ಫೋಕರ್-ಪ್ಲಾಂಕ್ ಸಮೀಕರಣದಲ್ಲಿರುವುದು ಇವರ ಹೆಸರೇ. 1928ರಿಂದ ಹಾರ್ಲೆಮ್ ನಗರದ ಟೇಲರ್ಸ್ ಮ್ಯೂಸಿಯಂನ ಭೌತವಿಜ್ಞಾನ ವಿಭಾಗವನ್ನು ನೋಡಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ದೇಶ ಜರ್ಮನರ ವಶವಾಗಿದ್ದಾಗ ಫೋಕರ್ ಸಂಗೀತಶಾಸ್ತ್ರದತ್ತ ತಿರುಗಿದರು. ಸಪ್ತಕವನ್ನು 31 ಸಮಭಾಗ ಮಾಡುವ ಬಗ್ಗೆ ಅವರದೇ ದೇಶದ ಹೈಗನ್ಸ್ 1691ರಲ್ಲಿ ಬರೆದಿದ್ದರು. ಫೋಕರ್ ಅದನ್ನೇ ಹಿಡಿದರು.

ಹಾಗಾದರೆ 12ರಲ್ಲಿ ಏನು ಕೊರತೆ? ಷಡ್ಜದೊಂದಿಗೆ ಅಂತರ ಗಾಂಧಾರ ಶುದ್ಧವಾಗಿ ಕೂಡಬೇಕಾದರೆ ಎರಡರ ಕಂಪನಗಳು 4:5 ಪ್ರಮಾಣದಲ್ಲಿರಬೇಕು. ಸಪ್ತಕವನ್ನು 1200 ಸೆಂಟ್ ಎಂದು ಅಳೆದರೆ ಆ ಗಾಂಧಾರದ ಜಾಗ ಸುಮಾರು 386. ಕೀಬೋರ್ಡಿನಲ್ಲಿ ಅದು 400ಕ್ಕೆ ಹೋಗಿ ಕೂತಿದೆ. 31 ಭಾಗ ಮಾಡಿದರೆ ಸುಮಾರು 387ರಲ್ಲಿ ಸಿಗುತ್ತದೆ. ಆದರೆ ಇದಕ್ಕೂ ಬೆಲೆ ತೆರಬೇಕು: 702ರಲ್ಲಿರಬೇಕಾದ ಪಂಚಮ 12ರ ಪದ್ಧತಿಯಲ್ಲಿ 700, ಇಲ್ಲಿ ಸುಮಾರು 697.

ಸಪ್ತಕಕ್ಕೆ 31 ಸ್ವರ ಎಂದರೆ ಬೆರಳುಗಳ ಗತಿ ಏನು? ಇದಕ್ಕೆ ದಾರಿಯನ್ನು 19ನೇ ಶತಮಾನದಲ್ಲೇ ಇಂಗ್ಲೆಂಡಿನ ಬೊಸಾಂಕೆಟ್ ತೋರಿಸಿದ್ದರು. ಅದೇ ರೀತಿ ಫೋಕರ್ ಕೀಗಳನ್ನು ಹಲವು ಸಾಲುಗಳಲ್ಲಿ ಜೋಡಿಸಿದರು. ಒಂದೇ ಸಾಲಿನಲ್ಲಿ ಬಲಕ್ಕೆ ಒಂದು ಕೀ ಸರಿದರೆ 5 ಭಾಗ ಏರಿದಂತೆ. ಎರಡು ಸರಿದರೆ 10 ಭಾಗ, ಅದೇ ಗಾಂಧಾರ. ಯಾವ ಕೀಯನ್ನು ಷಡ್ಜ ಮಾಡಿಕೊಂಡರೂ ಬೆರಳಿನ ವಿನ್ಯಾಸ ಬದಲಾಗುವುದಿಲ್ಲ. ಮಾಮೂಲಿ ಪಿಯಾನೋದಲ್ಲಿ ಶ್ರುತಿ ಬದಲಾದರೆ ಬೆರಳುಗಳು ಹೊಸದಾಗಿ ಕಲಿಯಬೇಕು.

1950ರಲ್ಲಿ, 63ನೇ ವಯಸ್ಸಿನಲ್ಲಿ, ಅವರ ಆರ್ಗನ್ ಟೇಲರ್ಸ್ ಮ್ಯೂಸಿಯಂನಲ್ಲಿ ನುಡಿಯಿತು. ಹೆಂಕ್ ಬಾಡಿಂಗ್ಸ್ ಮೊದಲಾದವರು 31 ಸ್ವರಗಳ ಪದ್ಧತಿಯಲ್ಲಿ ಸಂಗೀತ ರಚಿಸಿದರು. ಆದರೂ ಲೋಕದ ಪಿಯಾನೋಗಳು 12ರಲ್ಲೇ ಉಳಿದವು. ಫೋಕರ್ 1972ರಲ್ಲಿ ತೀರಿಕೊಂಡರು. ಆ ಆರ್ಗನ್ ಈಗ ಆಮ್ಸ್ಟರ್‌ಡ್ಯಾಮಿನ ಸಂಗೀತ ಭವನವೊಂದರಲ್ಲಿದೆ.

ಹನ್ನೆರಡು ಎಂಬುದು ಪ್ರಕೃತಿಯ ಕಟ್ಟಳೆಯಲ್ಲ, ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ. ಇನ್ನು ಮುಂದೆ ಹಾರ್ಮೋನಿಯಂನಲ್ಲಿ ಸ ಮತ್ತು ಗ ಒಟ್ಟಿಗೆ ಒತ್ತಿದಾಗ ಸ್ವಲ್ಪ ಹೊತ್ತು ಹಿಡಿದಿಟ್ಟು ಕೇಳಿ. ಒಳಗೆ ಸಣ್ಣ ನಡುಕವೊಂದು ಕೇಳಿಸಿದರೆ, ಆ 14 ಸೆಂಟ್ ವ್ಯತ್ಯಾಸ ನಿಮ್ಮ ಕಿವಿಗೂ ಸಿಕ್ಕಿತು ಎಂದರ್ಥ.