ದಿವಂಗತ ಶಂಕರ್ ನಾಗ್ (1954–1990)

ನಟ, ನಿರ್ದೇಶಕ ಹಾಗೂ ನಿರ್ಮಾಪಕರಾಗಿ ಖ್ಯಾತರಾದ ಶಂಕರ್ ನಾಗ್ ಅವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಜನಿಸಿದರು. ಮುಂಬಯಿ ರಂಗಭೂಮಿಯಲ್ಲಿ ಪಳಗಿ, 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ನಾಯಕರಾಗಿ ಕನ್ನಡ ಚಿತ್ರರಂಗ ಪ್ರವೇಶಿಸಿದರು. 1980ರಲ್ಲಿ ‘ಮಿಂಚಿನ ಓಟ’ದಿಂದ ನಿರ್ದೇಶನ ಆರಂಭಿಸಿದರು. ರಸ್ತೆ ಬದಿ ಮಲಗಿದ್ದ ಬಡವರ ಮೇಲೆ ಕಾರು ಹರಿಸಿದವರನ್ನು ಅಧಿಕಾರಬಲವು ರಕ್ಷಿಸುವ ಕಥೆಯುಳ್ಳ ‘ಆಕ್ಸಿಡೆಂಟ್’ (1985) ರಾಷ್ಟ್ರ ಪ್ರಶಸ್ತಿ ಪಡೆಯಿತು.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನಾಧರಿಸಿ, ಬಹುಪಾಲು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986ರಿಂದ ದೂರದರ್ಶನದಲ್ಲಿ ಪ್ರಸಾರವಾಗಿ, ಮಲೆನಾಡಿನ ಆ ಊರನ್ನು ದೇಶಕ್ಕೆಲ್ಲ ಪರಿಚಯಿಸಿತು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ರಸ್ತೆ ಅಪಘಾತದಲ್ಲಿ, 35ನೇ ವಯಸ್ಸಿನಲ್ಲಿ ನಿಧನರಾದರು. ಅವರ ಚಿತ್ರಜೀವನ ಕೇವಲ 12 ವರ್ಷಗಳದ್ದು. ಅವರು ಕಂಡಿದ್ದ ಸುಸಜ್ಜಿತ ರಂಗಮಂದಿರದ ಕನಸನ್ನು ಪತ್ನಿ ಅರುಂಧತಿ ನಾಗ್ ಅವರು 2004ರಲ್ಲಿ ಬೆಂಗಳೂರಿನ ‘ರಂಗಶಂಕರ’ದ ಮೂಲಕ ಸಾಕಾರಗೊಳಿಸಿದರು.