ಹಡಗಿಗೆ ಗೆರೆ ಎಳೆಸಿದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಬಬಲೇಶ್ವರ ರಸ್ತೆಯಲ್ಲಿ ಟ್ರ್ಯಾಕ್ಸ್ ಹತ್ತಿ ಊರಿಗೆ ಬರುತ್ತಿದ್ದೆ. ಒಳಗೆ ಹಿಡಿಸದವರು ಟಪ್ಪಿನ ಮೇಲೆ ಕುಳಿತಿದ್ದರು, ಉಳಿದವರು ಹಿಂದೆ ಜೋತುಬಿದ್ದಿದ್ದರು. ತಿರುವಿನಲ್ಲಿ ಗಾಡಿ ಪಲ್ಟಿಯಾಯಿತು. ಜೀವ ಉಳಿಯಿತು, ಆದರೆ ನನ್ನ ಎಡಗೈ ಇಂದಿಗೂ ನೆಟ್ಟಗಾಗುವುದಿಲ್ಲ.

ಮುಂದೆ ಹೊಟ್ಟೆಪಾಡು ನನ್ನನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ಒಯ್ದಿತು. ಅಲ್ಲಿ ಹಡಗುಗಳ ಮೈಮೇಲೆ ಒಂದು ವೃತ್ತ, ಅದರ ನಡುವೆ ಹಾಯ್ದ ಒಂದು ಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂಥ ಸಣ್ಣ ಗೆರೆಗಳನ್ನು ಕಂಡೆ. ಸರಕು ತುಂಬಿದಂತೆ ಹಡಗು ನೀರಿಗಿಳಿಯುತ್ತದೆ. ಆ ಕಾಲಕ್ಕೆ, ಆ ಕಡಲಿಗೆ ಗೊತ್ತುಮಾಡಿದ ಗೆರೆ ಮುಳುಗುವಂತಿಲ್ಲ ಎಂದು ಹಿರಿಯ ಕೆಲಸಗಾರರೊಬ್ಬರು ತಿಳಿಸಿದರು. ನನಗೆ ನೆನಪಾದದ್ದು ನಮ್ಮ ಟ್ರ್ಯಾಕ್ಸು. ಗೆರೆ ಎಳೆಸಿದವರ ಕಥೆಯನ್ನು ಅಂದಿನಿಂದ ಹುಡುಕಿ ಓದಿದೆ.

ಪ್ಲಿಮ್ಸಾಲ್ 1824ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದರು. ಅವರು ನಾವಿಕರಲ್ಲ. ಲಂಡನ್ನಿನಲ್ಲಿ ಕಲ್ಲಿದ್ದಲು ವ್ಯಾಪಾರ ಮಾಡಿ ಕೈಸುಟ್ಟುಕೊಂಡು, ಬಡವರ ಅಗ್ಗದ ವಸತಿಗಳಲ್ಲಿ ದಿನ ನೂಕಿದರು. ಆ ಬಡತನ ಅವರಿಗೆ ಮರೆಯಲಿಲ್ಲ. ಮತ್ತೆ ವ್ಯಾಪಾರ ಕೈಹಿಡಿದ ಮೇಲೆ 1868ರಲ್ಲಿ ಡರ್ಬಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದರು.

ಆಗ ಕೆಲವು ಮಾಲೀಕರು ಲಡ್ಡು ಹಡಗುಗಳಿಗೆ ಮಿತಿಮೀರಿ ಸರಕು ಹೇರಿ, ದೊಡ್ಡ ಮೊತ್ತಕ್ಕೆ ವಿಮೆ ಮಾಡಿಸುತ್ತಿದ್ದರು. ಮುಳುಗಿದರೆ ಮಾಲೀಕರಿಗೆ ಹಣ, ನಾವಿಕನ ಮನೆಗೆ ಗೋಳು. ಒಮ್ಮೆ ಕರಾರಿಗೆ ಒಪ್ಪಿದ ನಾವಿಕ ಹಡಗು ಹತ್ತಲು ಹೆದರಿದರೆ ಜೈಲು ಸೇರಬೇಕಿತ್ತು. ಜನ ಅವನ್ನು ಶವಪೆಟ್ಟಿಗೆ ಹಡಗು ಎಂದೇ ಕರೆಯುತ್ತಿದ್ದರು. ಹಡಗು ಮಾಲೀಕರೇ ಆದ ಜೇಮ್ಸ್ ಹಾಲ್ ಇದರ ವಿರುದ್ಧ ಮೊದಲೇ ದನಿಯೆತ್ತಿದ್ದರು. ಪ್ಲಿಮ್ಸಾಲ್ ಅದನ್ನು ತಮ್ಮ ಜೀವನದ ಕೆಲಸ ಮಾಡಿಕೊಂಡು, 1873ರಲ್ಲಿ ನಾವಿಕರ ಬಗ್ಗೆ ಪುಸ್ತಕ ಬರೆದು ದೇಶವನ್ನೇ ಎಚ್ಚರಿಸಿದರು.

1875ರಲ್ಲಿ ಸರಕಾರ ಹಡಗು ಸುರಕ್ಷತೆಯ ಮಸೂದೆಯನ್ನು ಕೈಬಿಡಲು ಹೊರಟಾಗ ಅವರು ಸದನದಲ್ಲೇ ಸಿಟ್ಟಿಗೆದ್ದು ಕೂಗಾಡಿದರು. ಬಳಿಕ ಆಡಿದ ರೀತಿಗೆ ಕ್ಷಮೆ ಕೇಳಿದರು, ಹಟ ಬಿಡಲಿಲ್ಲ. ಜನ ಅವರ ಬೆನ್ನಿಗೆ ನಿಂತರು. 1876ರಲ್ಲಿ ಗೆರೆ ಕಡ್ಡಾಯವಾಯಿತು. ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಇಷ್ಟಕ್ಕೇ ಉಳಿಯಿತು! ಗೆರೆಯ ಜಾಗವನ್ನು ಕಾನೂನು ಗೊತ್ತುಮಾಡಿದ್ದು 1890ರಲ್ಲಿ. 1898ರಲ್ಲಿ ಪ್ಲಿಮ್ಸಾಲ್ ತೀರಿಕೊಂಡರು. 1930ರಲ್ಲಿ ಹಲವು ದೇಶಗಳು ಸೇರಿ ಈ ಗೆರೆಗಾಗಿ ಅಂತಾರಾಷ್ಟ್ರೀಯ ಒಪ್ಪಂದ ಮಾಡಿಕೊಂಡವು. 1966ರಲ್ಲಿ ಹೊಸ ಒಪ್ಪಂದವಾಯಿತು. ಇಂದಿಗೂ ಎಲ್ಲ ಕಡಲುಗಳಲ್ಲಿ ಅವರ ಹೆಸರು ಆ ಗೆರೆಗಿದೆ.

ನಮ್ಮ ಗಾಡಿಗಳಿಗೂ ಗೆರೆಯಿದೆ. ಎಷ್ಟು ಜನ ಕೂಡಬೇಕೆಂದು ಅದರ ಕಾಗದದಲ್ಲೇ ಬರೆದಿರುತ್ತದೆ. ಆದರೆ ಶಾಲೆಯ ಹೊತ್ತಿಗೆ ಬಸ್ಸಿಲ್ಲದಿದ್ದರೆ ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಯ ಮಗು ತುಂಬಿದ ಗಾಡಿಯನ್ನು ಬಿಟ್ಟು ನಿಲ್ಲುವುದು ಹೇಗೆ? ಅಂದಿನ ನಾವಿಕನ ಪಾಡೂ ಇದೇ ಆಗಿತ್ತು. ಅವನ ಪರವಾಗಿ ಹಡಗು ಹತ್ತದ ಒಬ್ಬರು ಮಾತಾಡಿದರು. ಈ ಸುವರ್ಣ ಮಹೋತ್ಸವಕ್ಕೆ ಕೂಡಿರುವ ಹಳೆಯ ವಿದ್ಯಾರ್ಥಿಗಳು, ಗುರುಗಳು, ಊರ ಹಿರಿಯರು ಸೇರಿ ಶಾಲೆ ಬಿಡುವ ಹೊತ್ತಿಗೆ ಇನ್ನೊಂದು ಬಸ್ಸು ಕೇಳೋಣ. ಅರ್ಜಿಗೆ ಮೊದಲ ಸಹಿ ನನ್ನದಿರಲಿ; ಬಲಗೈ ಗಟ್ಟಿಯಾಗಿದೆ.